ಕುಕ್ಕರಕ್ಕನ ಕಾರು ಕುದಿದದ್ದು ಯಾಕೆ

ಸ್ಟ್ಯಾಂಡಿನ ಟ್ಯಾಕ್ಸಿಯವರು ಅವಳಿಗೆ ಕುಕ್ಕರಕ್ಕ ಅಂತ ಹೆಸರಿಟ್ಟು ವರ್ಷವಾಗಿತ್ತು. ಬೆಟ್ಟದ ದಾರಿಯ ಅರ್ಧದಲ್ಲಿ ಅವಳ ಹಳೇ ಕಾರಿನ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಏಳುವುದು, ಅವಳು ಗಾಡಿ ಪಕ್ಕಕ್ಕೆ ಹಾಕಿ ಹತ್ತಿದವರ ಹತ್ತಿರ ಬೈಸಿಕೊಳ್ಳುವುದು, ವಾಪಸು ಬಂದ ಮೇಲೆ ಇವರು "ಇವತ್ತು ಎಷ್ಟು ವಿಸಿಲ್ ಆಯ್ತಕ್ಕ?" ಅಂತ ಹಲ್ಲು ಕಿರಿಯುವುದು. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೂ ಈ ಮಾತಿಗೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಎದುರು ಮಾತಾಡಲು ಬಾಯಾದರೂ ಎಲ್ಲಿತ್ತು? ಹೆತ್ತಪ್ಪನೇ ಅವಳ ಮೇಲೆ ಗೂಬೆ ಕೂರಿಸಿಬಿಟ್ಟಿದ್ದ.

ಅಪ್ಪ ಇದೇ ಸ್ಟ್ಯಾಂಡಿನಲ್ಲಿ ಇದೇ ಕಾರು ಓಡಿಸಿ ಮುದುಕನಾದವನು. ಕಣ್ಣು ಮಂಜಾದ ಮೇಲೆ ಕೀಲಿಕೈ ಮಗಳಿಗೆ ಕೊಟ್ಟ. ಕೊಟ್ಟದ್ದು ಕೀಲಿಕೈ ಮಾತ್ರ, ನಾಲಿಗೆಯನ್ನು ತನ್ನಲ್ಲೇ ಇಟ್ಟುಕೊಂಡ. ಸಂಜೆ ಸ್ಟ್ಯಾಂಡಿಗೆ ಟೀ ಕುಡಿಯಲು ಬಂದಾಗಲೆಲ್ಲ ನಾಲ್ಕು ಜನರ ಮುಂದೆ ಅದೇ ಪುರಾಣ. "ಏರಿನಲ್ಲಿ ಗೇರು ಹಾಕೋದೇ ಇವಳಿಗೆ ಗೊತ್ತಿಲ್ಲ. ಇಂಜಿನ್ನನ್ನ ಗೋಳಾಡಿಸ್ತಾಳೆ. ನನ್ನ ಕೈಲಿದ್ದಾಗ ಒಂದು ದಿನ ಕುದಿದಿದ್ದು ನೋಡಿದೀರಾ?"

ಯಾರೂ ನೋಡಿರಲಿಲ್ಲ. ಪಾಪ, ಅವಳೂ ನಂಬಿದಳು. ಏರಿನಲ್ಲಿ ಉಸಿರು ಬಿಗಿಹಿಡಿದು ಓಡಿಸಿದಳು, ಎಸಿ ಆರಿಸಿದಳು, ಗೇರು ಬದಲಿಸುವುದಕ್ಕೇ ಹೆದರಿದಳು. ಕೊನೆಗೆ ಬೆಟ್ಟದ ಬಾಡಿಗೆಗೇ ಎಳ್ಳುನೀರು ಬಿಟ್ಟಳು. ಅವಳಿಗೆ ಡ್ರೈವಿಂಗ್ ಅಂದರೆ ಆ ತಿರುವುಗಳೇ ಆಗಿದ್ದವು. ಈಗ ಆಸ್ಪತ್ರೆಯಿಂದ ರೈಲ್ವೆ ಸ್ಟೇಷನ್ನಿಗೆ, ಅಲ್ಲಿಂದ ಆಸ್ಪತ್ರೆಗೆ.

ಆ ವಾರ ಕಾರು ಸಪಾಟು ರಸ್ತೆಯಲ್ಲೇ ಕುದಿಯಿತು. ಎಳೆಸಿಕೊಂಡು ಗ್ಯಾರೇಜಿಗೆ ತಂದಳು. ಮೆಕ್ಯಾನಿಕ್ ಅವಳ ಜೊತೆ ಶಾಲೆಯಲ್ಲಿ ಓದಿದವನು. ಹಿಂದೆ ಎರಡು ಸಲ ಇದೇ ದೂರಿಗೆ ಥರ್ಮೋಸ್ಟಾಟ್ ಬದಲಾಯಿಸಿ, ಫ್ಯಾನು ಬದಲಾಯಿಸಿ ಸುಸ್ತಾಗಿದ್ದ.

"ಕೂಲೆಂಟ್ ಕಮ್ಮಿ ಆಗ್ತಿಲ್ಲ ತಾನೇ?"

"ಎಷ್ಟು ಸಲ ಹೇಳ್ಲಿ ಮಾರಾಯ? ದಿನಾ ಬೆಳಿಗ್ಗೆ ಹೊರಡೋ ಮುಂಚೆ ನೋಡ್ತೀನಿ. ಕೂಲೆಂಟ್ ಡಬ್ಬಿಯಲ್ಲಿ ಗೆರೆ ಮಟ್ಟಕ್ಕೇ ಇರುತ್ತೆ. ನಾನು ಒಂದು ಹನಿ ಹಾಕಿಲ್ಲ."

ಇಂಜಿನ್ ತಣ್ಣಗಾದ ಮೇಲೆ ಅವನು ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಅದ್ದಿದ. ಬೆರಳು ತುಕ್ಕಿನ ಬಣ್ಣಕ್ಕೆ ಬಂತು. ಅವನ ಮುಖ ಕಪ್ಪಿಟ್ಟಿತು.

"ನಾನು ತುಂಬಿಸಿದ್ದು ಹಸಿರು ಕೂಲೆಂಟು. ಇದು ನಲ್ಲಿ ನೀರು. ನೀನು ಹಾಕಿಲ್ಲ ಅಂದ್ರೆ ಬೇರೆ ಯಾರೋ ಹಾಕ್ತಿದಾರೆ. ಸೋರ್ತಾ ಇತ್ತು, ತುಂಬ್ತಾನೂ ಇತ್ತು. ನಾವಿಬ್ಬರೂ ಡಬ್ಬಿ ನೋಡಿ ಮೋಸ ಹೋದ್ವಿ."

ರೇಡಿಯೇಟರಿನ ಬಾಯಿಗೆ ಪ್ರೆಶರ್ ಪಂಪು ಸಿಕ್ಕಿಸಿ ಗಾಳಿ ತುಂಬಿದ. ಅದರ ಮೀಟರಿನ ಮುಳ್ಳು ಮೇಲೇರಿ, ಅಲ್ಲಿ ನಿಲ್ಲದೆ ಮೆಲ್ಲಗೆ ಇಳಿಯತೊಡಗಿತು. ಟಾರ್ಚು ಹಿಡಿದು ಕಾರಿನಡಿ ನುಗ್ಗಿ ಅವಳನ್ನೂ ಕರೆದ. ಇಂಜಿನ್ನಿಗೆ ನೀರು ಹರಿಸುವ ವಾಟರ್ ಪಂಪಿನ ಹೊಟ್ಟೆಯಡಿ ಒಂದು ಸಣ್ಣ ತೂತು, ಅದರ ಸುತ್ತ ಒಣಗಿದ ಬಿಳಿ ಕರೆ, ತೂತಿನ ತುದಿಯಲ್ಲಿ ಒಂದು ಹನಿ. ಬಿಸಿ ಇಂಜಿನ್ ಮೇಲೆ ಸೋರಿದ್ದು ಅಲ್ಲೇ ಆವಿಯಾಗುತ್ತಿತ್ತು, ನೆಲಕ್ಕೆ ಬೀಳುತ್ತಲೇ ಇರಲಿಲ್ಲ. ಆಮೇಲೆ ಆಯಿಲ್ ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ಹಾಲಿನ ಕೆನೆಯ ಹಾಗೆ ಬಿಳಿ ನೊರೆ.

"ಆಯಿಲ್‌ಗೆ ನೀರು ಸೇರಿದೆ. ಗ್ಯಾಸ್ಕೆಟ್ ಹೋಗಿದೆ, ಇಷ್ಟು ಕುದ್ದ ಮೇಲೆ ಇಂಜಿನ್ನಿನ ಹೆಡ್ಡೂ ಸೊಟ್ಟಗಾಗಿರುತ್ತೆ. ಪೂರ್ತಿ ಇಂಜಿನ್ ಬಿಚ್ಚಬೇಕು. ಮೊದಲೇ ಗೊತ್ತಾಗಿದ್ರೆ ಬರೀ ಪಂಪ್ ಬದಲಾಯಿಸಿದ್ರೆ ಮುಗೀತಿತ್ತು. ಈ ಪಂಪ್ ನನ್ನ ಕೈಯಿಂದ ಹಾಕಿದ್ದಲ್ಲ. ಯಾರು ಕೂರಿಸಿದ್ದು?"

ಅವಳಿಗೆ ನಖಶಿಖಾಂತ ಉರಿದುಹೋಯಿತು. ಆ ಪಂಪು ಕೂರಿಸಿದ್ದು ಅಪ್ಪ. ಕಣ್ಣು ಪೂರಾ ಹೋಗುವ ಮುಂಚೆ, ಯಾರ ಕೈಯೂ ಬೇಡ ಅಂತ ಹಟ ಹಿಡಿದು ತಾನೇ ಕೂತು ಮಾಡಿದ ಕೊನೆಯ ರಿಪೇರಿ. ಅವಳು ಏಳುವ ಮುಂಚೆ ಕಾರು ಒರೆಸುತ್ತೇನೆ ಅಂತ ಚೊಂಬು ಹಿಡಿದು ಹೊರಗೆ ಹೋಗುತ್ತಿದ್ದವನೂ ಅವನೇ.

ಮನೆಗೆ ನಡೆದೇ ಹೋದಳು. ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ.

"ಪಂಪ್ ಸೋರ್ತಿದೆ ಅಂತ ನಿನಗೆ ಗೊತ್ತಿತ್ತಾ ಅಪ್ಪ?"

ಅವನು ಸುಳ್ಳು ಹೇಳಲಿಲ್ಲ. "ಕೈಯಾಡಿಸಿದಾಗ ತೇವ ಹತ್ತಿತ್ತು. ನೀರು ತುಂಬಿಸ್ತಾ ಇದ್ರೆ ನಿನಗೇನೂ ತೊಂದ್ರೆ ಆಗಲ್ಲ ಅಂದ್ಕೊಂಡೆ."

"ಮತ್ತೆ ಕುದ್ದಾಗಲೆಲ್ಲ ನನ್ನ ಡ್ರೈವಿಂಗ್ ಸರಿ ಇಲ್ಲ ಅಂತ ಯಾಕೆ ಹೇಳ್ದೆ?"

ಅಪ್ಪ ಕುರ್ಚಿಯಿಂದ ಏಳಲು ನೋಡಿದ. ಅವಳು ಅಲ್ಲಿಂದ ಕದಲಲಿಲ್ಲ.

"ಎಲ್ಲರೂ ನಿನ್ನನ್ನೇ ಬೈದ್ರೆ ನನ್ನ ಕೆಲಸದ ಕಡೆ ಯಾರೂ ನೋಡಲ್ಲ ಅನ್ನಿಸ್ತು," ಅಂದ ಕಡೆಗೆ. "ಕಣ್ಣು ಹೋಯ್ತು, ಕೈನೂ ಹೋಯ್ತು ಅಂದ್ಕೊಳ್ತಾರೆ ಅಂತ."

"ಕಾರು ಹೋದ್ರೆ ಹೋಗ್ಲಿ, ಅದು ಕಬ್ಬಿಣ. ನನಗೆ ಓಡಿಸೋಕೇ ಬರಲ್ಲ ಅಂತ ನಾನೇ ನಂಬೋ ಹಾಗೆ ಮಾಡ್ದ್ಯಲ್ಲ ಅಪ್ಪ, ಅದನ್ನ ಹೇಗೆ ಹೊಟ್ಟೆಗೆ ಹಾಕ್ಕೊಳ್ಳಲಿ? ನಾಳೆ ಸ್ಟ್ಯಾಂಡಿಗೆ ಬಾ. ಎಲ್ಲಿ ಬೈದ್ಯೋ ಅಲ್ಲೇ ನಿಂತು ಹೇಳು."

ಬರುವುದಿಲ್ಲ ಅಂದುಕೊಂಡಿದ್ದಳು. ಮರುದಿನ ಕೋಲು ಹಿಡಿದು ಬಂದ. ಟೀ ಅಂಗಡಿಯ ಮುಂದೆ ನಿಂತು ತಲೆ ತಗ್ಗಿಸಿ ಏನೋ ಗೊಣಗಿದ.

"ಕೇಳಿಸಲಿಲ್ಲ, ಜೋರಾಗಿ ಹೇಳು," ಅಂದಳು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ.

"ಪಂಪ್ ಹಾಕಿದ್ದು ನಾನು. ಸೋರಿದ್ದು ಅದೇ. ಮುಚ್ಚಿಟ್ಟಿದ್ದೂ ನಾನೇ. ಇವಳು ಓಡಿಸಿದ್ರಲ್ಲಿ ಏನೂ ತಪ್ಪಿರಲಿಲ್ಲ."

ಯಾರೂ ನಗಲಿಲ್ಲ. ಸ್ಟ್ಯಾಂಡಿನ ಹಿರಿಯ ಡ್ರೈವರ್ ಗಂಟಲು ಸರಿಮಾಡಿಕೊಂಡು ತನ್ನ ಕೀಲಿಕೈ ಮುಂದೆ ಚಾಚಿದ. "ನನಗೆ ಬೆನ್ನು ಹಿಡ್ಕೊಂಡಿದೆ ಕಣಮ್ಮ. ಬೆಟ್ಟದ ಬಾಡಿಗೆ ಒಂದಿದೆ. ನನ್ನ ಗಾಡಿಯಲ್ಲಿ ಹೋಗ್ಬರ್ತೀಯಾ?"

ಅವಳು ಕೀಲಿಕೈ ತೆಗೆದುಕೊಂಡಳು. ಅಪ್ಪನ ಮುಖ ಅರಳಿತು. ಎಲ್ಲ ಸರಿಹೋಯಿತು ಅನ್ನುವ ಹಾಗೆ ಕೋಲೂರಿಕೊಂಡು ಆ ಹಿರಿಯನ ಕಾರಿನ ಹತ್ತಿರ ಬಂದ, ತಡಕಾಡಿ ಮುಂದಿನ ಬಾಗಿಲಿನ ಹಿಡಿ ಹುಡುಕಿದ. "ನಾನೂ ಬರ್ತೀನಿ. ತಿರುವುಗಳಲ್ಲಿ ಹೇಳ್ತಾ ಇರ್ತೀನಿ."

"ಬೇಡ ಅಪ್ಪ," ಅಂದಳು ಅವಳು, ಹಿಡಿಯ ಮೇಲಿದ್ದ ಅವನ ಕೈ ತೆಗೆದು. "ನೀನು ಮನೆಗೆ ಹೋಗು."