ಪ್ರೇಮಲೀಲಾ ಸಿಸ್ಟರ್‌ಗೆ ವರ್ಗವಾದ ವಾರ

ನಮ್ಮ ಬಡಾವಣೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದ ಪ್ರೇಮಲೀಲಾ ಸಿಸ್ಟರ್ ಎಂದರೆ ನನ್ನ ಮಗಳಿಗಿಂತ ನನಗೇ ಹೆಚ್ಚು ಭಯ. ಹಾಗಾಗಿ ೨೦೦೩ರ ಒಂದು ಸೋಮವಾರ ಅವರು ಬಿಳಿ ಸೀರೆಯುಟ್ಟು, ಕಾಗದದ ಕಟ್ಟು ಹಿಡಿದು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಾಗ, ಲಾಸ್ಯಳಿಗೆ ಯಾವುದೋ ಲಸಿಕೆ ತಪ್ಪಿಸಿಬಿಟ್ಟಿದ್ದೇನೆ ಎಂದೇ ಅಂದುಕೊಂಡೆ.

"ಗಾಬರಿ ಬೀಳ್ಬೇಡಿ, ಬಯ್ಯೋಕೆ ಬಂದಿಲ್ಲ" ಎಂದರು ಸಿಸ್ಟರ್. "ನಿಮ್ಮ ಮಗೂದು ಗುರುವಾರ ಇದೆ, ದಡಾರದ್ದು. ನಾನು ಬಂದಿರೋದು ಬೇರೆ ಕೆಲಸಕ್ಕೆ."

ಮೈಸೂರಿನ ಶ್ರೀರಾಂಪುರ ದಾಟಿದ ಮೇಲೆ ಹೊಸದಾಗಿ ಎದ್ದ ಬಡಾವಣೆ ನಮ್ಮದು. ಅರ್ಧ ಸೈಟುಗಳಲ್ಲಿ ಮನೆ, ಉಳಿದರ್ಧದಲ್ಲಿ ಪಾರ್ಥೇನಿಯಂ. ನಾನು ಹುಟ್ಟಿ ಬೆಳೆದ ಕೃಷ್ಣಮೂರ್ತಿಪುರಂನಲ್ಲಿ ಬೀದಿ ತಿರುಗಿದರೆ ಡಾಕ್ಟರು ಸಿಗುತ್ತಿದ್ದರು. ಇಲ್ಲಿ ಇದ್ದದ್ದು ಬಾಡಿಗೆ ಮನೆಯೊಂದರಲ್ಲಿ ನಡೆಯುತ್ತಿದ್ದ ಆರೋಗ್ಯ ಕೇಂದ್ರ ಮಾತ್ರ. ಅಲ್ಲಿ ಪ್ರತಿ ಗುರುವಾರ ಲಸಿಕೆ. ಆದರೆ ಗುರುವಾರ ಬರುವ ಮಕ್ಕಳು ಕಡಿಮೆಯಾಗುತ್ತ ಬಂದು, ಈಗ ಬೆಂಚು ಖಾಲಿ ಇರುವಷ್ಟಾಗಿತ್ತು. ಮೇಲಿನ ಆಫೀಸಿನಿಂದ ಪತ್ರ ಬಂದಿದೆ ಎಂದರು ಸಿಸ್ಟರ್. ಜನ ಬರದಿದ್ದರೆ ಮುಂದಿನ ತಿಂಗಳಿಂದ ಇಲ್ಲಿನ ಲಸಿಕೆ ನಿಲ್ಲುತ್ತದೆ, ಎಲ್ಲರೂ ಊರೊಳಗಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಅದಕ್ಕೆ ಮೊದಲು ಮನೆಮನೆಗೆ ಹೋಗಿ ಜನರ ಅಭಿಪ್ರಾಯ ಕೇಳಿ ವರದಿ ಕೊಡಬೇಕು.

ಮಗುವನ್ನೆತ್ತಿಕೊಂಡು ಎರಡು ಬಸ್ಸು ಬದಲಿಸುವುದನ್ನು ನೆನೆದೇ ನನಗೆ ತಲೆ ತಿರುಗಿತು. ಕೆಮ್ಮುವವರ ನಡುವೆ ಕೂತು ಬರುವ ಬಸ್ಸು ಬೇರೆ.

"ಬರಕೊಳ್ಳೋಕೆ ನೀವು ಬನ್ನಿ. ಡಿಗ್ರಿ ಓದಿದೀರಿ" ಎಂದರು. "ನಾನೇ ಬರೆದ್ರೆ ಕಥೆ ಕಟ್ಟಿದ್ದು ಅಂತಾರೆ. ಮೊದಲು ನಿಮ್ಮಿಂದಲೇ ಶುರು ಮಾಡೋಣ. ನಮ್ಮ ಕೇಂದ್ರದ ಸೇವೆ ಹೇಗಿದೆ? ಉತ್ತಮ, ಸಾಧಾರಣ, ಕಳಪೆ."

ಎದುರಿಗೆ ಅವರು ಕೂತು ನಾನು ಮಾಡಿದ ಕಾಫಿ ಕುಡಿಯುತ್ತಿದ್ದಾರೆ. ಏನು ಹೇಳಲಿ? "ಉತ್ತಮ" ಎಂದೆ.

ಲಾಸ್ಯಳನ್ನು ಸೊಂಟಕ್ಕೇರಿಸಿಕೊಂಡು, ಅವಳಿಗೆ ಬಿಸಿಲು ತಾಗದಂತೆ ಕೊಡೆ ಹಿಡಿದು ಹೊರಟೆ. ಹೋದ ಕಡೆಯಲ್ಲೆಲ್ಲ ಇದೇ ಕಥೆ. ಬಾಗಿಲಿಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸುವುದುಂಟೆ? ಕಾಫಿ, ಇಲ್ಲವೇ ಮಜ್ಜಿಗೆ. ಆಮೇಲೆ ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು. ಕುಂಕುಮ ಕೊಟ್ಟು, ಆ ಮುಖಕ್ಕೇ ಕಳಪೆ ಎನ್ನುವುದು ಯಾರಿಂದಾದೀತು? ಮಗುವನ್ನು ಯಾಕೆ ಕರೆತರಲಿಲ್ಲ ಎಂದು ಕೇಳಿದರೆ ನೆಗಡಿ, ತವರಿಗೆ ಹೋಗಿದ್ದೆ, ಮರೆತೇಹೋಯ್ತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಸಿಸ್ಟರ್ ಕೈಚೀಲದಲ್ಲಿ ಬಾಳೆಹಣ್ಣು ತುಂಬಿತ್ತು, ನನ್ನ ಕೈಯ ಕಾಗದದ ಕಟ್ಟಿನಲ್ಲಿ 'ಉತ್ತಮ' ತುಂಬಿತ್ತು.

"ಎಲ್ಲಾ ಉತ್ತಮ ಆದ್ರೆ ಬೆಂಚು ಯಾಕಮ್ಮ ಖಾಲಿ?" ಎಂದು ಸಿಸ್ಟರ್ ನನ್ನನ್ನು ಕೇಳಿದರು. ನಾನು ಕೊಡೆ ಸರಿಮಾಡಿಕೊಂಡೆ.

ಕೊನೆಯ ಬೀದಿಯಲ್ಲಿ ತಿಮ್ಮಮ್ಮನ ಮನೆ. ಎಪ್ಪತ್ತು ದಾಟಿದ ಮುದುಕಿ, ಬಾಯಿ ಬಹಳ ಜೋರು. ಅಂಗಳದಲ್ಲಿ ಹುಣಿಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದವಳು ನಮ್ಮನ್ನು ನೋಡಿ ಮಣೆ ತಳ್ಳಿದಳು.

"ಕೂತ್ಕಳಿ ಸಿಸ್ಟರಮ್ಮ. ಓಗ್ಬುಡ್ತೀರಂತಲ್ಲ?"

"ಎಲ್ಲಿಗೆ?"

"ಅದೇ, ಆಸ್ಪತ್ರೆ ಬಾಗ್ಲು ಆಕ್ತಾರಂತೆ, ನಿಮ್ಗೂ ಬ್ಯಾರೆ ಕಡೀಕೆ ವರ್ಗ ಅಂತೆ. ನಲ್ಲಿ ತಾವ ಎಲ್ಲಾ ಅಂತಿದ್ರು. ಓಗಿ ಬುಡಿ, ಒಳ್ಳೇದಾಗ್ಲಿ. ಆದ್ರೆ ನಿಮ್ಮ ಜಾಗಕ್ಕೆ ಯಾರಾರ ಬಂದ್ರೆ ಅವ್ರಿಗೊಂದು ಮಾತು ಯೋಳ್ಬುಟ್ಟು ಓಗಿ."

ವರ್ಗವೇನೂ ಇಲ್ಲವಲ್ಲ ಎಂದು ನಾನು ಬಾಯಿ ತೆರೆದೆ. ಸಿಸ್ಟರ್ ನನ್ನ ಮೊಣಕೈ ಹಿಡಿದು ಅದುಮಿದರು.

"ಏನು ಹೇಳ್ಬೇಕು ತಿಮ್ಮಮ್ಮ?"

"ಸೂಜಿ ಮಗೀಗೆ ಚುಚ್ಚಿ, ಅವ್ವಂಗೆ ಬ್ಯಾಡ ಅನ್ನಿ."

ತಿಮ್ಮಮ್ಮ ಒಂದು ಬೀಜ ಚಿಮ್ಮಿಸಿ ಮುಂದುವರಿಸಿದಳು. "ನಮ್ಮ ಹಿಂದಿನ್ಮನೆ ಶಾರದ ಇಲ್ವಾ, ಗಾರ್ಮೆಂಟ್ಸ್‌ಗೆ ಓಗ್ತಾಳಲ್ಲ, ಆ ಉಡ್ಗಿ. ಕೂಸಿಗೆ ಆರು ತಿಂಗ್ಳಾಗೋಕೆ ಮುಂಚೆ ಎದೆಹಾಲು ಬುಡಿಸಿ ಕೆಲ್ಸಕ್ಕೋಗ್ತೀಯಾ, ಎಂಥ ತಾಯಿ ನೀನು ಅಂದ್ರಂತೆ ನೀವು, ಅಷ್ಟು ಜನದ ಮುಂದೆ. ಅವಳೇನು ಆಸೆಗೋದ್ಲಾ? ಅವತ್ತಿಂದ ಆ ಕಡೆ ತಲೆ ಆಕಿ ಮಲಗಿಲ್ಲ ಅವಳು. ಕೂಸಿಗೂ ಸೂಜಿ ಇಲ್ಲ, ಏನಿಲ್ಲ. ಓಗೋರ್ಗೆ ಯಾಕೆ ಬೇಜಾರು ಮಾಡ್ಲಿ ಅಂತಿದ್ದೆ, ಬಾಯಿ ತಡೀನಿಲ್ಲ ಕಣ್ರವ್ವ."

"ಬೇಜಾರಿಲ್ಲ. ಇನ್ನೇನು ಹೇಳ್ಬೇಕು ಅವರಿಗೆ?" ಎಂದರು ಸಿಸ್ಟರ್. ಧ್ವನಿ ಬಹಳ ಸಣ್ಣದಾಗಿತ್ತು.

ಅಲ್ಲಿಂದ ಎದ್ದು ಚರಂಡಿಯ ಮೋರಿಕಟ್ಟೆಯ ಮೇಲೆ ಕೂತೆವು. ಲಾಸ್ಯ ನಿದ್ದೆ ಹೋಗಿದ್ದಳು. ಸಿಸ್ಟರ್ ಕೈಯಲ್ಲಿದ್ದ ವೀಳ್ಯದೆಲೆಯನ್ನು ಸೀಳುತ್ತ ಕೂತರು. ಬೀದಿಯಲ್ಲಿ ಯಾರೂ ಇರಲಿಲ್ಲ.

"ನಂದು ನಂಜನಗೂಡು ಕಡೆ ಕಣಮ್ಮ" ಎಂದು ಕೊನೆಗೆ ಶುರು ಮಾಡಿದರು. ಹತ್ತನೆಯ ಕ್ಲಾಸು ಮುಗಿಸಿ ದಾದಿ ತರಬೇತಿಗೆ ಬಂದವರು. ಅಪ್ಪ ನೇಕಾರರು, ಮನೆಯಲ್ಲಿ ಮೊದಲು ಸಂಬಳ ತಂದದ್ದು ಇವರೇ. ಕೆಲಸಕ್ಕೆ ಸೇರಿ ಹೆಗ್ಗಡದೇವನಕೋಟೆಯ ಕಡೆ ಹಳ್ಳಿಹಳ್ಳಿ ಸುತ್ತಿದ್ದೇ ಹೆಚ್ಚು. ಅರ್ಧ ವಯಸ್ಸು ಅಲ್ಲೇ ಕಳೆಯಿತು. ಗಂಡ ಮಹದೇವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಮೈಸೂರಿನಲ್ಲೇ ಇದ್ದರು, ಶನಿವಾರಕ್ಕೊಮ್ಮೆ ಸಂಸಾರ.

"ಅಲ್ಲಿ ನಾನು ಬೈದ್ರೆ ಅವರೂ ಬಯ್ಯೋರು. 'ಓಗವ್ವ, ನಿನ್ನ ಸೂಜಿ ನೀನೇ ಚುಚ್ಕೊ' ಅಂತ ಮುಖಕ್ಕೇ ಅನ್ನೋರು. ಸಂಜೆ ಅವರೇ ಮೊಸರು ಕೊಟ್ಟು ಕಳಿಸೋರು. ಎಲ್ಲಿ ತಪ್ಪಿದೆ ಅಂತ ಅಲ್ಲೇ ಗೊತ್ತಾಗ್ತಿತ್ತು. ಇಲ್ಲಿ ಯಾರೂ ತಿರುಗಿಸಿ ಮಾತಾಡಲ್ಲ. ತಲೆ ಬಗ್ಗಿಸಿ ಹೂಂ ಅಂತಾರೆ. ನಾನು ಹೇಳಿದ್ದು ಅರ್ಥ ಆಯ್ತು ಅಂದ್ಕೊಂಡು ಇಷ್ಟು ವರ್ಷ ಕಳೆದೆ."

ಅವರು ಹೇಳಿದ್ದು ನನ್ನ ಬಗ್ಗೆಯೂ ಹೌದು ಎಂದು ತಿಳಿಯಿತು.

"ನೀವೂ ಹೇಳಿ. ನಾನು ವರ್ಗ ಆಗಿ ಹೋದೆ ಅಂದ್ಕೊಳ್ಳಿ."

ನಿದ್ದೆಯಲ್ಲಿದ್ದ ಮಗಳ ತಲೆ ನೇವರಿಸುತ್ತ ಹೇಳಿದೆ. ಮೊದಲ ಇಂಜೆಕ್ಷನ್ ಆದ ದಿನ ಲಾಸ್ಯಳ ಮೈ ಸುಡುತ್ತಿತ್ತು, ತೊಡೆ ಕಲ್ಲಾಗಿತ್ತು. ಜ್ವರ ಬರುವುದು ಸಹಜ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಗಂಡ ಅಮರೇಶ್ ಎಷ್ಟು ಸಮಾಧಾನ ಹೇಳಿದರೂ ಕೇಳದೆ, ಮಗು ಉಳಿಯುವುದಿಲ್ಲ ಎಂದೇ ಅತ್ತಿದ್ದೆ. ಮುಂದಿನ ಸಲ ಕೇಳೋಣವೆಂದರೆ, ಓದಿದವಳು ಇಷ್ಟೂ ಗೊತ್ತಿಲ್ಲವಾ ಎನ್ನುತ್ತಾರೆಂಬ ಹೆದರಿಕೆ.

"ನಿಜ, ಹಾಗೇ ಅಂತಿದ್ದೆ" ಎಂದರು ಸಿಸ್ಟರ್. ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ, "ಬರ್ಕೊಳ್ಳಿ ಅದನ್ನ" ಎಂದರು.

ಮತ್ತೆ ಮೊದಲ ಬೀದಿಯಿಂದ ಹೊರಟೆವು. ಸಿಸ್ಟರ್ ತಾವಾಗಿ ಸುಳ್ಳು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ವರ್ಗದ ಸುದ್ದಿ ನಮಗಿಂತ ಮುಂದೆ ಓಡಿತ್ತು. "ಬರೋರಿಗೆ ಏನು ಹೇಳ್ಲಿ?" ಎಂದಷ್ಟೇ ಕೇಳುತ್ತಿದ್ದರು. ಆಹಾ, ಆಗ ಹೆಂಗಸರು ಬಾಯಿ ಬಿಟ್ಟರು ನೋಡಿ! ಬೆಂಚು ಬಿಸಿಲಲ್ಲಿದೆ, ಕೂಸು ಬೇಯುತ್ತೆ. ಹತ್ತರಿಂದ ಒಂದರವರೆಗೆ ಅಂದ್ರೆ ಕೆಲಸಕ್ಕೆ ಹೋಗೋರು ಅರ್ಧ ದಿನದ ಕೂಲಿ ಬಿಡಬೇಕು, ಸಂಜೆ ಇಟ್ರೆ ಆಗಲ್ವಾ? ಮೂರನೇ ಹೆಣ್ಣು ಎಂದಾಗ ಮುಖ ಸಿಂಡರಿಸಬಾರದು. ಲಸಿಕೆ ಮುಗಿದಿದೆ ಮುಂದಿನ ವಾರ ಬಾ ಅನ್ನೋದನ್ನ ಬಾಗಿಲಲ್ಲೇ ಬರೆದು ಹಾಕಿದ್ರೆ ಒಳಗೆ ಕಾಯೋದು ತಪ್ಪುತ್ತೆ. ಒಬ್ಬಾಕೆಯಂತೂ, "ನಿಮ್ಮ ಕೈ ಮಾತ್ರ ಹಗುರ ಸಿಸ್ಟರ್. ನಿಮ್ಮ ಕೈ ಇಲ್ಲೇ ಬಿಟ್ಟು ಬಾಯಿ ತಗೊಂಡು ಹೋಗಿ" ಎಂದುಬಿಟ್ಟಳು. ಸಿಸ್ಟರ್ ನಕ್ಕರು. ಕಣ್ಣು ನಗಲಿಲ್ಲ.

ಬುಧವಾರ ಕೇಂದ್ರದಲ್ಲಿ ಕೂತು ವರದಿ ಬರೆದೆವು. 'ಸಿಬ್ಬಂದಿ ತಾಯಂದಿರೊಡನೆ ಒರಟಾಗಿ ಮಾತಾಡುತ್ತಾರೆ' ಎಂದು ಅವರೇ ಹೇಳಿ ಬರೆಸಿದರು. 'ಕೆಲವೊಮ್ಮೆ' ಎಂದು ನಾನು ಸೇರಿಸಿದ್ದನ್ನು ಹೊಡೆದುಹಾಕಿಸಿದರು. ಕೇಂದ್ರದ ಡಾಕ್ಟರು ಅದನ್ನೋದಿ, "ಇದು ನಿಮ್ಮ ಮೇಲೇ ಬರುತ್ತಲ್ಲ ಪ್ರೇಮಲೀಲಾ" ಎಂದರು. "ಬರ್ಲಿ ಸಾರ್, ನಿಜವಾಗ್ಲೂ ವರ್ಗ ಆದ್ರೂ ಆಗ್ಲಿ. ಸಂಜೆ ಹೊತ್ತು ಕೇಳಿರೋದನ್ನ ಮಾತ್ರ ನೀವು ಮೇಲಕ್ಕೆ ಒತ್ತಿ ಹೇಳಿ" ಎಂದರು ಸಿಸ್ಟರ್.

ನನಗೆ ಚಿಂತೆ ಹತ್ತಿದ್ದು ಆಮೇಲೆ. ವರ್ಗವಿಲ್ಲ ಎಂದು ಗೊತ್ತಾದರೆ ಈ ಹೆಂಗಸರು ನಮ್ಮನ್ನು ಸುಮ್ಮನೆ ಬಿಡುತ್ತಾರೆಯೆ? ಜೊತೆಗೆ ತಿರುಗಿದವಳು ನಾನು. ದಿನಾ ಇವರ ಜೊತೆಯೇ ನಲ್ಲಿಯಲ್ಲಿ ನೀರು ಹಿಡಿಯಬೇಕು.

ಗುರುವಾರ ಹೋಗಿ ನೋಡುತ್ತೇನೆ, ಕೇಂದ್ರದ ಜಗುಲಿಯಲ್ಲಿ ಕಾಲಿಡಲು ಜಾಗವಿಲ್ಲ. ಹೋಗುವ ಸಿಸ್ಟರ್‌ಗೆ ಮಡಿಲು ತುಂಬಬೇಕೆಂದು ತಿಮ್ಮಮ್ಮ ಬೀದಿಗಳನ್ನೆಲ್ಲ ಎಬ್ಬಿಸಿಕೊಂಡು ಬಂದಿದ್ದಳು. ಅಕ್ಕಿ, ಕೊಬ್ಬರಿ, ರವಿಕೆ ಕಣ. ಹೇಗೂ ಬಂದಿದ್ದೇವೆ, ಚುಚ್ಚುಮದ್ದೂ ಹಾಕಿಸಿಕೊಂಡು ಹೋಗೋಣವೆಂದು ಎಲ್ಲರ ಕಂಕುಳಲ್ಲೂ ಮಕ್ಕಳು. ಗೇಟಿನ ಹತ್ತಿರ, ಒಳಗೆ ಬರಲೋ ಬೇಡವೋ ಎಂಬಂತೆ ತೆಳ್ಳಗಿನ ಹುಡುಗಿಯೊಬ್ಬಳು ದಷ್ಟಪುಷ್ಟವಾದ ಗಂಡುಮಗುವನ್ನು ಹೊತ್ತು ನಿಂತಿದ್ದಳು. ಶಾರದ ಇವಳೇ ಎಂದು ತಿಮ್ಮಮ್ಮ ಕಣ್ಣಲ್ಲೇ ತೋರಿಸಿದಳು.

ನಾನು ಸಿಸ್ಟರ್ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದೆ. "ಮೊದಲು ಇಂಜೆಕ್ಷನ್ ಮುಗಿಸಿಬಿಡಿ ಸಿಸ್ಟರ್. ಹೇಳೋದು ಆಮೇಲೆ ಹೇಳಿ."

"ಆಮೇಲೆ ಹೇಳಿದ್ರೆ ಇವತ್ತಿನ ಮಕ್ಕಳು ಸಿಗ್ತಾವೆ. ಮುಂದಿನ ವಾರದವು ಸಿಗಲ್ಲ" ಎಂದು ಅವರು ಜಗುಲಿಗೆ ಬಂದರು.

"ಅಮ್ಮಂದಿರಾ, ನಂಗೆ ವರ್ಗ ಆಗಿಲ್ಲ. ನೀವು ಆಗಿದೆ ಅಂದ್ಕೊಂಡ್ರಿ, ನಾನು ಅಲ್ಲ ಅನ್ಲಿಲ್ಲ. ಅಲ್ಲ ಅಂದಿದ್ರೆ ಯಾರೂ ಬಾಯಿ ಬಿಡ್ತಿರ್ಲಿಲ್ಲ. ಬರೋರಿಗೆ ಹೇಳಿ ಅಂದ್ರಲ್ಲ, ಬರೋರು ಯಾರೂ ಇಲ್ಲ. ನಾನೇ ಕೇಳಿಸ್ಕೊಂಡಿದೀನಿ."

ಜಗುಲಿಯಲ್ಲಿ ಗದ್ದಲವೆದ್ದಿತು. "ನಮ್ಮ ಬಾಯಿ ಬಿಡ್ಸೋಕೆ ನಾಟಕ ಆಡಿದ್ರಾ?" ಎಂದಳು ಒಬ್ಬಳು. ಕೈ ಬಿಟ್ಟು ಬಾಯಿ ತಗೊಂಡು ಹೋಗಿ ಎಂದಿದ್ದಾಕೆ ಮುಖ ಕೆಂಪಾಗಿಸಿಕೊಂಡು, ಮಗುವನ್ನೆತ್ತಿ ಹೊರಟೇಬಿಟ್ಟಳು. ಅವಳ ಹಿಂದೆ ಮತ್ತೊಬ್ಬಳು. "ಅಕ್ಕಿ ಅಳ್ದು ತಂದಿದೀನಲ್ರವ್ವ, ಇದನ್ನೇನ್ ಮಾಡ್ಲಿ?" ಎಂದಳು ತಿಮ್ಮಮ್ಮ.

ಶಾರದ ಹೋಗಲಿಲ್ಲ, ಒಳಗೂ ಬರಲಿಲ್ಲ. "ನೀವು ಹೋಗ್ತೀರಿ ಅಂತಾನೇ ನಾನು ಬಂದಿದ್ದು" ಎಂದಳು.

"ಗೊತ್ತು."

"ಇನ್ನೊಂದ್ಸಲ ಹಂಗಂದ್ರೆ?"

"ತಿರುಗಿಸಿ ಬಯ್ಯಿ. ಎಲ್ಲರ ಮುಂದೇನೇ ಬಯ್ಯಿ."

"ಈಗ್ಲೇ ಬಯ್ಲಾ?"

"ಬಯ್ಯಿ."

ಶಾರದ ಇಷ್ಟು ದಿನ ಮನಸ್ಸಿನಲ್ಲೇ ಎಷ್ಟೆಲ್ಲ ಬೈದಿದ್ದಳೋ, ಈಗ ಒಂದೂ ಬಾಯಿಗೆ ಬರಲಿಲ್ಲ. ನೇರ ಒಳಗೆ ನಡೆದು, ತೂಗುವ ಜೋಳಿಗೆಯಲ್ಲಿ ಮಗನನ್ನು ಕೂರಿಸಿದಳು. "ತೂಕ ನೋಡಿ. ನೋಡಿ ಹೇಳಿ, ಎಂಥ ತಾಯಿ ಅಂತ."

ಸಿಸ್ಟರ್ ಕನ್ನಡಕ ಏರಿಸಿಕೊಂಡು ಮುಳ್ಳು ನೋಡಿದರು. "ಚೆನ್ನಾಗಿದಾನೆ" ಎಂದರು ಮೆಲ್ಲಗೆ.

"ಅವತ್ತು ಮೆಲ್ಲಗೆ ಅಂದಿರ್ಲಿಲ್ಲ."

ಸಿಸ್ಟರ್ ಅವಳ ಮುಖ ನೋಡಿದರು. ಆಮೇಲೆ ಜಗುಲಿಯ ಕಡೆ ತಿರುಗಿ, ನಾವೆಲ್ಲ ಹೆದರುತ್ತಿದ್ದ ಅದೇ ಗಂಟಲಲ್ಲಿ ಕೂಗಿ ಹೇಳಿದರು: "ಶಾರದನ ಮಗ ಇರಬೇಕಾದ್ದಕ್ಕಿಂತ ಜಾಸ್ತೀನೇ ತೂಕ ಇದಾನೆ! ಅವಳು ಚೆನ್ನಾಗಿ ನೋಡ್ಕೊಂಡಿದಾಳೆ. ಅವತ್ತು ನಾನಂದಿದ್ದು ತಪ್ಪು!"

ಶಾರದ ಬೆಂಚಿನ ಮೇಲೆ ಕೂತು ಮಗನ ಚಡ್ಡಿ ಸರಿಸಿ, "ಹಾಕಿ" ಎಂದಳು.

ಗುರುವಾರಗಳು ಉಳಿದವು. ಎದ್ದು ಹೋದ ಇಬ್ಬರಲ್ಲಿ ಒಬ್ಬಳು ಮತ್ತೆ ಬಂದಳು, ಇನ್ನೊಬ್ಬಳು ಬರಲೇ ಇಲ್ಲ. ಬೆಂಚನ್ನು ನಾವೇ ನೆರಳಿಗೆ ಎಳೆದು ಹಾಕಿದೆವು. ಸಂಜೆಯ ಹೊತ್ತಿಗೆ ಒಪ್ಪಿಗೆ ಬರಲು ಮಳೆಗಾಲ ಮುಗಿಯಬೇಕಾಯಿತು, ಅದೂ ತಿಂಗಳಿಗೆ ಒಂದೇ ಸಂಜೆ. ಆ ಮೊದಲ ಸಂಜೆ ಶಾರದ ಫ್ಯಾಕ್ಟರಿಯಿಂದ ಮನೆಗೆ ಬಂದವಳೇ ಮಗನನ್ನೆತ್ತಿಕೊಂಡು ಓಡಿ ಬಂದಳು, ಬಾಗಿಲು ಹಾಕುವ ಹೊತ್ತಿಗೆ.

"ಇಷ್ಟೊತ್ತಿಗಾ ಬರೋದು!" ಎಂದು ಸಿಸ್ಟರ್ ಗಂಟಲು ಏರಿತು.

"ಬಸ್ಸನ್ನ ಕೇಳಿ, ನನ್ನೇನ್ ಕೇಳ್ತೀರಿ" ಎಂದಳು ಶಾರದ, ಅಷ್ಟೇ ಜೋರಾಗಿ. ಸಿಸ್ಟರ್ ಎತ್ತಿಟ್ಟಿದ್ದ ಸಿರಿಂಜನ್ನು ಮತ್ತೆ ಕೈಗೆತ್ತಿಕೊಂಡರು.