ಕೊಕ್ಕೆ ಅಕ್ಕ ಟಿಕ್ ಹಾಕಲ್ಲ

ಹೋದ ಸಲ ನಾನು ಕಥೆ ಹೇಳಿದಾಗ 'ತಾತನಿಗೆ ಅರಳುಮರಳು, ಇಸವಿಯೆಲ್ಲ ಅದಲುಬದಲು' ಅಂತ ಗ್ರೂಪಲ್ಲಿ ಹಾಕಿದವರು ಯಾರು? ನಿಮ್ಮ ಪಾಸ್‌ವರ್ಡ್ ನಿಮಗೇ ನೆನಪಿರಲ್ಲ, ನನ್ನ ನೆನಪಿನ ಬಗ್ಗೆ ಮಾತಾಡ್ತೀರ. ಬಾಯಿ ಮುಚ್ಕೊಂಡು ಕೇಳಿ. ಇದು ಹೋದ ವಾರದ್ದು, ಕೊಕ್ಕೆ ಅಕ್ಕನ ಬಾಯಿಂದಲೇ ಕೇಳಿದ್ದು.

ಬೆಳಗ್ಗೆ ಆರು ಗಂಟೆ. ಸಣ್ಣಪುಟ್ಟ ಸಾಲ ಕೊಡೋ ಕಂಪನಿಯ ಮೂರನೇ ಮಹಡಿ. ಕಸ ಗುಡಿಸೋರು ಇನ್ನೂ ಬಂದಿಲ್ಲ, ಕೊಕ್ಕೆ ಅಕ್ಕ ಆಗಲೇ ಕೂತಿದ್ದಾಳೆ. ಕೈಯಲ್ಲಿ ಗಾಜು ಒಡೆದ ಹಳೇ ಫೋನು. ಸಾಲದ ಅರ್ಜಿ ತಗೊಳ್ಳೋ ಹೊಸ ಸಾಫ್ಟ್‌ವೇರು ಜನರ ಕೈಗೆ ಹೋಗೋ ಮುಂಚೆ ಅದನ್ನ ಹಿಂಡಿ ಹಿಪ್ಪೆ ಮಾಡಿ ತಪ್ಪು ಹುಡುಕೋದು ಅವಳ ಕೆಲಸ. ಎಲ್ಲದಕ್ಕೂ ಕೊಕ್ಕೆ ಹಾಕ್ತಾಳೆ ಅಂತ ಆಫೀಸಲ್ಲಿ ಆ ಹೆಸರು.

ಹನ್ನೆರಡು ವರ್ಷ ಕೆಳಗಿನ ಕೌಂಟರಲ್ಲಿ ಜನರ ಅರ್ಜಿ ತುಂಬಿಕೊಟ್ಟವಳು. ಗಂಡ ತೀರಿಹೋದ ಮೇಲೆ ಭಾನುವಾರದ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಈ ಕುರ್ಚಿಗೆ ಬಂದಳು. ಮನೇಲಿ ಅವಳು, ಅವಳ ಅತ್ತೆ. ಇಬ್ಬರಿಗೂ ಫೋನು ಒಂದೇ. ಪರೀಕ್ಷೆಗೆ ಅಂತ ದಿನಕ್ಕೆ ನಲವತ್ತು ಅರ್ಜಿ ತುಂಬ್ತಾಳೆ: ಒಂದನ್ನ ಕನ್ನಡಕ ಮರೆತ ಮುದುಕನ ಹಾಗೆ, ಇನ್ನೊಂದನ್ನ ಕಂಕುಳಲ್ಲಿ ಮಗು ಇಟ್ಕೊಂಡವಳ ಹಾಗೆ ಎಡಗೈಲಿ.

ಈಗ ಕಂಪನಿಗೆ ಹೊಸ ಗಾಳಿ ಬೀಸಿದೆ. ಕೆಲಸದ ಪ್ಲಾನು ಎರಡೆರಡು ವಾರದ್ದು, ಸೆಕ್ಯೂರಿಟಿ ಬಿಗಿ, ಪರೀಕ್ಷೆ ಮಾಡೋಕೆ ಮಶೀನು. ನಾಲ್ಕು ಸಾವಿರ ಅರ್ಜಿನ ಅದು ಹನ್ನೊಂದು ನಿಮಿಷಕ್ಕೆ ಮುಗಿಸುತ್ತೆ. ಇನ್ನು ಅಕ್ಕ ಯಾಕೆ ಬೇಕು ಅಂತ ಗುಸುಗುಸು ಶುರುವಾಗಿದೆ.

ಗುರುವಾರ ಮ್ಯಾನೇಜರು ಬರ್ತಾನೆ. "ಅಕ್ಕಾ, ನಾಳೆ ಬಿಡುಗಡೆ. ಮಶೀನು ಪಾಸ್ ಮಾಡಿದೆ, ಸ್ಕ್ರೀನೆಲ್ಲ ಹಸಿರೋ ಹಸಿರು. ಎಲ್ಲ ಸರಿಯಿದೆ ಅಂತ ನಿಮ್ಮದೊಂದು ಟಿಕ್ ಬಾಕಿ."

"ಹಸಿರಿದ್ರೆ ದನ ಮೇಯ್ಸಿ ಸಾರ್. ನಾನು ಟಿಕ್ ಹಾಕಲ್ಲ."

ಆಗಿದ್ದೇನಪ್ಪಾ ಅಂದ್ರೆ, ಅವತ್ತು ಬೆಳಗ್ಗೆ ಅಕ್ಕ ತನ್ನ ಹೆಸರಲ್ಲಿ ಒಂದು ಅರ್ಜಿ ಹಾಕಿದಳು, ಅದೇ ಫೋನಿಂದ ಅತ್ತೆ ಹೆಸರಲ್ಲಿ ಇನ್ನೊಂದು. ಸ್ಕ್ರೀನು ಕೆಂಪಗಾಯ್ತು: 'ವಂಚನೆಯ ಶಂಕೆ'. ಇಬ್ಬರೂ ಆರು ತಿಂಗಳು ಅರ್ಜಿ ಹಾಕೋ ಹಾಗಿಲ್ಲ ಅಂತ ಬೀಗ. ಮಶೀನಿಗೆ ಇದು ಸಿಕ್ಕೇ ಇಲ್ಲ. ಪರೀಕ್ಷೆಗೆ ಅಂತ ಅದರೊಳಗೆ ತುಂಬಿರೋ ಸುಳ್ಳು ಮನುಷ್ಯರಿಗೆಲ್ಲ ತಲೆಗೊಂದು ಫೋನ್ ನಂಬರು ಕೊಟ್ಟಿದ್ದಾರಲ್ಲ.

ಸೆಕ್ಯೂರಿಟಿ ರೂಲು ಬರೆದವನನ್ನ ಕರೆಸಿದ್ರು. "ಒಂದೇ ಫೋನಿಂದ ಎರಡು ಅರ್ಜಿ ಬಂದ್ರೆ ಕಳ್ಳರೇ ಅಕ್ಕಾ," ಅಂದ ಅವನು.

"ಹಾಗಾದ್ರೆ ನಮ್ಮತ್ತೇನೂ ಕಳ್ಳಿ, ನಾನೂ ಕಳ್ಳಿ. ಬಂದು ಹಿಡ್ಕೊಂಡು ಹೋಗಿ. ಅತ್ತೆಗೆ ಮಂಡಿನೋವು, ನೀವೇ ಎತ್ಕೋಬೇಕು."

ಮ್ಯಾನೇಜರು ದನಿ ತಗ್ಗಿಸ್ತಾನೆ. "ಟಿಕ್ ಹಾಕದಿದ್ರೆ ಮುಂದಿನ ತಿಂಗಳು ನಿಮ್ಮ ಕುರ್ಚಿ ಇರುತ್ತೆ ಅಂತ ನಾನು ಹೇಳಕ್ಕಾಗಲ್ಲ."

ಅಕ್ಕ ಕಂಪ್ಯೂಟರನ್ನ ಅವನ ಕಡೆಗೆ ತಿರುಗಿಸ್ತಾಳೆ. "ನೀವೇ ಹಾಕಿ ಸಾರ್. ಪಕ್ಕದಲ್ಲಿ ನಿಮ್ಮ ಹೆಸರು ಬೀಳುತ್ತೆ, ಅಷ್ಟೇ."

ಅವನು ಮೌಸ್ ಮೇಲೆ ಕೈ ಇಟ್ಟ. ತೆಗೆದ.

ಶುಕ್ರವಾರದ ಬಿಡುಗಡೆ ನಿಂತ್ಹೋಯ್ತು. ಹಳೇ ಅರ್ಜಿಗಳನ್ನ ತೆಗೆದು ನೋಡಿದ್ರೆ, ಮೂರರಲ್ಲಿ ಒಂದು ಮನೇಲಿ ಫೋನು ಒಂದೇ. ಸೋಮವಾರ ರೂಲು ಬದಲಾಯ್ತು: ಒಂದೇ ಫೋನಿಂದ ಎರಡನೇ ಅರ್ಜಿ ಬಂದ್ರೆ ಮನುಷ್ಯರು ಫೋನ್ ಮಾಡಿ ವಿಚಾರಿಸಬೇಕು, ಬೀಗ ಜಡಿಯೋ ಹಾಗಿಲ್ಲ.

ಕುರ್ಚಿ ಉಳೀತಾ? ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ಅಕ್ಕ ಅದಕ್ಕೆ ಕ್ಯಾರೇ ಅನ್ನಲ್ಲ. "ತೆಗೆದ್ರೆ ತೆಗೀಲಿ. ಹೋಗೋ ಮುಂಚೆ ನಮ್ಮತ್ತೆ ಥರದ ನೂರು ಜನರನ್ನ ಆ ಮಶೀನಿಗೆ ಪರಿಚಯ ಮಾಡಿಸಿ ಹೋಗ್ತೀನಿ. ಅಷ್ಟು ದಿನ ಕೊಡ್ಲಿ, ಸಾಕು."

ಕೇಳಿಸ್ಕೊಂಡ್ರಲ್ಲ, ಈಗ ಸುಮ್ನೆ ಕೂರಬೇಡಿ. 'ಟಿಕ್ ಹಾಕು, ಟಿಕ್ ಹಾಕು' ಅಂತ ಆಫೀಸಲ್ಲಿ ಯಾರ ಬೆನ್ನು ಹತ್ತಿದ್ದಾರೋ, ಇದನ್ನ ಇವತ್ತೇ ಅವರಿಗೆ ಕಳಿಸಿ.