ಸೊಕ್ಕೆಯ ಮಲ್ಲಿಗೆ, ಹೊನ್ನಾಳಿಯ ಹಿತ್ತಲು

ಗದ್ದೆಯನ್ನು ಸೈಟು ಮಾಡಿದ ಜಾಗದಲ್ಲಿ ಮನೆ ಕಟ್ಟಿಕೊಂಡು ಬಂದ ಮೇಲೆ ನಮಗದು ಮೊದಲ ಬೇಸಿಗೆ. ಹೊನ್ನಾಳಿಯ ಅಂಚಿನಲ್ಲಿ ಮನೆ. ಹಿತ್ತಲ ಕಾಂಪೌಂಡಿನಾಚೆ ಈಗಲೂ ಗದ್ದೆಯೇ. ನಾಲೆಗೆ ನೀರು ಬಿಟ್ಟರೆ ಸಾಕು, ಒಂದು ಹನಿ ಮಳೆ ಬೀಳದಿದ್ದರೂ ನಮ್ಮ ಹಿತ್ತಲು ತಳದಿಂದ ಒದ್ದೆಯಾಗುತ್ತದೆ. ಮೇಲ್ಮಣ್ಣು ಮಾತ್ರ ಬಿಸಿಲಿಗೆ ಒಣಗಿ ಬೆಳ್ಳಗೆ ಕಾಣುತ್ತದೆ. ಆ ಬಿಳುಪನ್ನು ನಂಬಿ ನಾನು ಕೆಟ್ಟೆ.

ನನ್ನ ತವರು ಜಗಳೂರು ತಾಲ್ಲೂಕಿನ ಸೊಕ್ಕೆ. ಅಲ್ಲಿ ನೀರನ್ನು ಒಂದೇ ಸಲ ಬಳಸಿ ಚೆಲ್ಲುವುದು ಯಾರಿಗೂ ಗೊತ್ತಿಲ್ಲ. ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು, ಎಲ್ಲ ಗಿಡದ ಬುಡಕ್ಕೆ. ಉಂಡೆದ್ದ ನೆಂಟರನ್ನೂ ಅವ್ವ ಚೊಂಬು ಹಿಡಿದು ದುಂಡುಮಲ್ಲಿಗೆಯ ಬಳಿಗೇ ಕರೆದೊಯ್ದು, "ಇಲ್ಲೇ ಕೈ ತೊಳ್ಕಳ್ರಿ" ಅನ್ನುತ್ತಿದ್ದಳು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಬಾಯಿ ಮುಕ್ಕಳಿಸಿದ್ದೂ ಅದರ ಬುಡದಲ್ಲೇ. ಹೋದ ವರ್ಷ ಅಣ್ಣ ಆ ಜಾಗದಲ್ಲಿ ಬಚ್ಚಲುಮನೆ ಕಟ್ಟಿಸುವಾಗ ಗಿಡ ತೆಗೆಯಬೇಕಾಯಿತು. ಬುಡದಲ್ಲಿ ಬೇರು ಬಿಟ್ಟಿದ್ದ ಒಂದು ಕವಲನ್ನು ಅವ್ವ ಒದ್ದೆ ಗೋಣಿಯಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ಇನ್ನ ಇದೊಂದೇ ಉಳಿದಿರಾದು, ನೋಡವ್ವ."

ಹಿತ್ತಲಲ್ಲಿ ನೆಟ್ಟೆ. ಮೊಳದುದ್ದ ಚಿಗುರಿತು. ನಾಲೆಗೆ ನೀರು ಬಂದ ಹದಿನೈದು ದಿನಕ್ಕೆ ಎಲೆ ಹಳದಿಯಾಗಿ ಜೋತುಬಿತ್ತು. ಪಾಪ, ಬಾಯಾರಿದೆ ಅಂದುಕೊಂಡೆ. ದಿನಕ್ಕೊಂದು ಚೊಂಬು ಇದ್ದದ್ದು ಮೂರಾಯಿತು. ಒಗ್ಗರಣೆಗೆ ಎಣ್ಣೆ ಇಟ್ಟು ಹಿತ್ತಲಿಗೆ ಓಡುವುದು, ಎಲೆ ಮುಟ್ಟಿ ನೋಡುವುದು, ಮತ್ತೆ ಒಳಗೆ ಓಡುವುದು. ಸಾಸಿವೆ ಎರಡು ಸಲ ಸೀದಿತು. ಕೂತರೂ ಅದೇ, ನಿಂತರೂ ಅದೇ.

ಅತ್ತೆಯವರ ತವರು ಚನ್ನಗಿರಿ ಕಡೆ, ಸೂಳೆಕೆರೆಯ ನೀರು ಹರಿಯುವ ಹಳ್ಳಿ. ಹಿತ್ತಲ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತಾ ನನ್ನ ಓಡಾಟ ನೋಡಿದರು.

"ಜಗಳೂರಿನೋರು ನೀರು ಕಂಡ್ರೆ ಹಿಂಗೆ ಮೈಮೇಲೆ ಬಂದಂಗೆ ಆಡ್ತೀರಲ್ಲ!"

"ಗಿಡ ಒಣಗ್ತೈತೆ, ಅತ್ತೆ."

"ಒಣಗ್ತಿಲ್ಲ, ಮುಳುಗ್ತೈತೆ. ಈ ಮಣ್ಣಿಗೆ ಕೆಸು ಹಾಕು, ಕಾಬಾಳೆ ಹಾಕು, ಒಂದೆಲಗ ಹಬ್ಬಿಸು ಅಂತ ಬಂದಾಗ್ಲಿಂದ ಬಡ್ಕಂತಿದೀನಿ."

"ಅವು ಚರಂಡಿ ಪಕ್ಕ ಬೆಳೆಯೋವು."

"ಒಂದೆಲಗದ ಚಟ್ನಿನ ಎರಡು ಸಲ ನೀಡಿಸ್ಕಂಡು ಉಂಡ್ಯಲ್ಲ, ಅವಾಗ ಚರಂಡಿ ನೆನಪಾಗ್ಲಿಲ್ಲೇನು?"

ಅವ್ವ ದಿನಾ ಸಂಜೆ ಫೋನು ಮಾಡಿ ಒಂದೇ ಕೇಳುತ್ತಿದ್ದಳು: "ಮೊಗ್ಗು ಬಂತೇನೆ?" "ಬರಾ ಹಂಗೈತೆ ಅವ್ವಾ" ಅನ್ನುತ್ತಿದ್ದೆ. ಒಂದು ಸಂಜೆ ಅವಳು, "ಶುಕ್ರವಾರ ಬಸ್ಸು ಹತ್ತುತೀನಿ, ಕಣ್ಣಾರೆ ನೋಡ್ಕಂಡು ಬರ್ತೀನಿ" ಅಂದಳು. ಶುಕ್ರವಾರಕ್ಕೆ ಇನ್ನು ಐದು ದಿನ.

ಮಾರನೆಯ ಬೆಳಿಗ್ಗೆ ಗುದ್ದಲಿ ಹಿಡಿದೆ. ಒಂದು ಗೇಣು ಅಗೆಯುವಷ್ಟರಲ್ಲಿ ಗುಂಡಿಯಲ್ಲಿ ತಾನಾಗಿ ನೀರು ಜಿನುಗಿತು. ಗಿಡ ಎಳೆದರೆ ತಡೆಯಿಲ್ಲದೆ ಬಂತು. ಬೇರೆಲ್ಲ ಕಪ್ಪು, ಕೊಳೆತ ವಾಸನೆ. ನಾನೇ ಮೂರು ಹೊತ್ತು ನೀರು ಕುಡಿಸಿ ಕೊಂದಿದ್ದೆ. ಅಲ್ಲೇ ಕೂತುಬಿಟ್ಟೆ.

ಅತ್ತೆ ಈ ಸಲ ಹಂಗಿಸಲಿಲ್ಲ. ಅಡುಗೆಮನೆಯ ಚಾಕು ತಂದು, ಮೇಲೆ ಇನ್ನೂ ಗಟ್ಟಿಯಿದ್ದ ಕಡ್ಡಿಗಳಲ್ಲಿ ನಾಲ್ಕನ್ನು ಕತ್ತರಿಸಿಕೊಟ್ಟರು. ಮನೆಗೆ ಬಣ್ಣ ಹೊಡೆಸಿದಾಗ ಉಳಿದಿದ್ದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಕಾಸಿದ ಕಬ್ಬಿಣದಿಂದ ತೂತು ಹಾಕಿದೆ. ಕಟ್ಟಡದ ಮರಳು, ಕೆಂಪುಮಣ್ಣು ತುಂಬಿ ಕಡ್ಡಿ ಊರಿ, ಗೋಡೆಯ ನೆರಳಿನಲ್ಲಿ ಇಟ್ಟಿಗೆಗಳ ಮೇಲೆ ಎತ್ತರಕ್ಕೆ ಕೂರಿಸಿದೆ. ಖಾಲಿ ಗುಂಡಿಯಲ್ಲಿ ಅತ್ತೆ ಆಗಲೇ ಮೊಳಕೆ ಬಂದಿದ್ದ ಕೆಸುವಿನ ಗೆಡ್ಡೆ ಹೂತರು, ಪಕ್ಕಕ್ಕೆ ಕಾಬಾಳೆ ಹೂವಿನ ಗೆಡ್ಡೆ. ಮೂರೇ ದಿನಕ್ಕೆ ಕೆಸು ಸುರುಳಿ ಎಲೆ ಎತ್ತಿ ನಿಂತಿತು. ಮಲ್ಲಿಗೆಯ ಕಡ್ಡಿಗಳಲ್ಲಿ ಸುದ್ದಿಯೇ ಇಲ್ಲ. ಜೀವ ಇದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಉಗುರಿನಿಂದ ತೊಗಟೆ ಕೆರೆದು ನೋಡುತ್ತಿದ್ದೆ. ಒಳಗೆ ಹಸಿರು ಕಂಡರೆ ಸಮಾಧಾನ, ಮತ್ತೆ ಅರ್ಧ ಗಂಟೆಗೆ ಅನುಮಾನ.

ಶುಕ್ರವಾರ ಅವ್ವ ಕೈಚೀಲ ಇಳಿಸದೆ ನೇರ ಹಿತ್ತಲಿಗೇ ನಡೆದಳು. ಎಲ್ಲ ಹೇಳಿಬಿಟ್ಟೆ. ಅವಳು ಡಬ್ಬಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಒಂದೊಂದೇ ಕಡ್ಡಿ ಮುಟ್ಟಿದಳು. ಮೂರು ಕಂದಾಗಿ ಒಣಗಿದ್ದವು. ನಾಲ್ಕನೆಯದರ ಗೆಣ್ಣಿನಲ್ಲಿ ಜೋಳದ ಕಾಳಿಗಿಂತ ಚಿಕ್ಕ ಹಸಿರು ಗಂಟು.

"ಇದನ್ನ ಯಾರೇ ಹಿಂಗೆ ಕೆರೆದಿರಾದು? ಇಲಿ ಕಡಿದಂಗೈತೆ."

"ನಾನೇ. ಜೀವ ಐತೋ ಇಲ್ಲೋ ಅಂತ..."

"ಮೊದಲು ನೀರಾಗೆ ಮುಳುಗಿಸಿದೆ, ಈಗ ಸುಲೀತಿದೀಯ. ಅದನ್ನ ಅದರ ಪಾಡಿಗೆ ಬಿಡಾಕೆ ಏನು ಬ್ಯಾನೆ ನಿನಗೆ?"

ಮಧ್ಯಾಹ್ನ ಉಂಡೆದ್ದ ಅವ್ವ ಎಂಜಲು ಕೈಯಲ್ಲೇ ಚೊಂಬು ಎತ್ತಿಕೊಂಡು ರೂಢಿಯಂತೆ ಮಲ್ಲಿಗೆಯ ಡಬ್ಬಿಯತ್ತ ಹೊರಟಳು. ಅತ್ತೆ ಮೆಟ್ಟಿಲಿಂದ ಕೂಗಿದರು: "ಬೀಗ್ರೇ, ಅಲ್ಲಲ್ಲ! ಇತ್ಲಾಗೆ, ಕೆಸಿನ ಬುಡಕ್ಕೆ ಬರ್ರಿ!"

ಅವ್ವ ಕೆಸುವಿನ ಮೇಲೆ ಕೈ ತೊಳೆದಳು. ನೀರು ಎಲೆಯ ಮೇಲೆ ಮಣಿಯಾಗಿ ಉರುಳಿತು.

"ಇದು ಎಷ್ಟು ಹಾಕಿದ್ರೂ ಕುಡೀತೈತೇನ್ರಿ?"

"ಎಷ್ಟಾರ."

"ಹಂಗಾರೆ ಪರವಾಗಿಲ್ಲ" ಎಂದು ಚೊಂಬಿನ ತಳದ ನೀರನ್ನೂ ಅದಕ್ಕೇ ಸುರಿದಳು.

ಅವ್ವ ಊರಿಗೆ ಹೋಗಿ ಎಂಟು ದಿನವಾಯಿತು. ಸಂಜೆಯ ಫೋನಿನಲ್ಲಿ ಈಗ ಮೊಗ್ಗಿನ ಮಾತಿಲ್ಲ.

"ಕೆರೆದಿಲ್ಲ ತಾನೆ?"

"ಇಲ್ಲವ್ವ" ಅಂದೆ. ಈ ಸಲ ನಿಜವನ್ನೇ ಹೇಳಿದ್ದೆ. ಉಗುರು ಮಾತ್ರ ಸುಮ್ಮನಿರದೆ ಸೆರಗಿನ ಅಂಚನ್ನು ಕೆರೆಯುತ್ತಿತ್ತು.